ಹನ್ನೊಂದನೇ ಕಲಂ

ನಾನು ಹಟಮಾರಿ ಎಂಬುದು ಸಮಿತಿಯಲ್ಲಿ ಎಲ್ಲರಿಗೂ ಗೊತ್ತು. ಬೆನ್ನ ಹಿಂದೆ ನನ್ನನ್ನು 'ಬೀಗ' ಎಂದು ಕರೆಯುತ್ತಾರೆ. ಅದು ನನಗೂ ಗೊತ್ತು, ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

ಒಂದು ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳನ್ನು ಬರೆಯುವ ಸಮಿತಿ ನಮ್ಮದು. ಹನ್ನೆರಡು ಜನರಲ್ಲಿ ಒಬ್ಬರು ಬೇಡವೆಂದರೂ ತಿದ್ದುಪಡಿ ಮೂರು ವರ್ಷ ಮೂಲೆಗೆ ಬೀಳುತ್ತದೆ. ವಿರೋಧಿಸಿದವರು ಮನಸ್ಸು ಬದಲಿಸಿದರೆ ಕಾರಣವನ್ನು ತಮ್ಮ ಬಾಯಿಂದಲೇ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ಈ ಸಲದ ತಿದ್ದುಪಡಿ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಸದಸ್ಯೆಯದು. ಜಾಗ ಸಾಲದೆ ಪಠ್ಯವನ್ನು ಕತ್ತರಿಸುವಾಗ ಯಂತ್ರ ಬೈಟ್, ಅಂದರೆ ತನ್ನ ನೆನಪಿನ ಪುಟ್ಟ ಖಾನೆಗಳನ್ನು, ಎಣಿಸಬಾರದು, ಕಣ್ಣಿಗೆ ಕಾಣುವ ಅಕ್ಷರ ಎಣಿಸಬೇಕು ಎಂಬುದು ಅವಳ ವಾದ. ಈಗಿನ ಹನ್ನೊಂದನೇ ಕಲಂ ಪ್ರಕಾರ ಜಾಗ ಮುಗಿದಲ್ಲಿಗೆ ಕತ್ತರಿ. ನಮ್ಮ ಲಿಪಿಯ ಒಂದು ಒತ್ತಕ್ಷರವೇ ಹತ್ತು ಹನ್ನೆರಡು ಬೈಟ್ ನುಂಗುತ್ತದೆ. ಹಾಗಾಗಿ ಎಷ್ಟೋ ಸಲ ಅಕ್ಷರ ನಡುವೆಯೇ ತುಂಡಾಗಿ ಅಲ್ಲೊಂದು ಖಾಲಿ ಚೌಕ ಉಳಿಯುತ್ತದೆ.

ಆ ಕಲಂ ಬರೆದವನು ನಾನೇ, ಇಪ್ಪತ್ತಾರು ವರ್ಷದ ಹಿಂದೆ.

"ಹಳೇ ಪ್ರೋಗ್ರಾಂಗಳೆಲ್ಲ ಕೈಕೊಡ್ತವಮ್ಮ. ಒಂದು ಚೌಕ ಕಂಡ್ರೆ ಏನು ಪ್ರಳಯ ಆಗುತ್ತಾ?" ಎಂದು ಎರಡು ಸಭೆಗಳಲ್ಲಿ ಅವಳ ಬಾಯಿ ಮುಚ್ಚಿಸಿದ್ದೆ. ಮತದಾನ ಗುರುವಾರವಿತ್ತು.

ಮಂಗಳವಾರ ಅಕ್ಕನ ಜೊತೆ ಆಸ್ಪತ್ರೆಗೆ ಹೋದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು.

"ಈ ಹೆಸರಲ್ಲಿ ರಿಪೋರ್ಟೇ ಬಂದಿಲ್ವಲ್ಲಮ್ಮ," ಎಂದ ಕೌಂಟರಿನ ಗುಮಾಸ್ತ.

"ಪರೀಕ್ಷೆಗೆ ಗಂಟಿನ ಚೂರು ತೆಗೆದು ಮೂರು ವಾರ ಆಯ್ತಲ್ಲಪ್ಪ!" ಎಂದಳು ಅಕ್ಕ.

ಅವನು ಹುಡುಕಿ ಹುಡುಕಿ ಕೊನೆಗೆ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಆಸ್ಪತ್ರೆಯ ಯಂತ್ರದಲ್ಲಿ ಅಕ್ಕನ ಉದ್ದದ ಹೆಸರು ಪೂರ್ತಿ ಇತ್ತು. ನಮ್ಮ ಭಾಷೆಯಲ್ಲೇ ಬರೆದ ಪ್ರೋಗ್ರಾಂ ಓಡುತ್ತಿದ್ದ ಲ್ಯಾಬಿನ ಯಂತ್ರದಲ್ಲಿ ಅದು ತುಂಡಾಗಿ, ಕೊನೆಯಲ್ಲೊಂದು ಚೌಕ ಕೂತಿತ್ತು. ಎರಡೂ ತಾಳೆಯಾಗದೆ ವರದಿ ವಾರಸುದಾರರಿಲ್ಲದವುಗಳ ಜೊತೆ ಬಿದ್ದಿತ್ತು.

"ಉದ್ದ ಹೆಸರಿನವರದ್ದೆಲ್ಲ ಹೀಗೇ ಸರ್. ವಾರಕ್ಕೆ ನಾಲ್ಕೈದು ಇರ್ತವೆ," ಎಂದ.

ವರದಿ ಓದಿದ ಡಾಕ್ಟರು, "ಇದು ಆಗಲೇ ನನ್ನ ಕೈಗೆ ಬರಬೇಕಿತ್ತು," ಎಂದರು. ಸೋಮವಾರವೇ ಆಪರೇಷನ್ ಎಂದರು. ಆ ಚೌಕ ನನ್ನ ಕಲಂ ಇಟ್ಟದ್ದು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಗುರುವಾರ ನನ್ನ ವಿರೋಧ ಹಿಂತೆಗೆದುಕೊಂಡೆ. ಜಗಳಕ್ಕೆ ಸಿದ್ಧವಾಗಿ ದಪ್ಪ ಫೈಲು ಹೊತ್ತು ತಂದಿದ್ದ ಚಿಕ್ಕ ಸದಸ್ಯೆ ಕಣ್ಣು ಕಣ್ಣು ಬಿಟ್ಟಳು. "ಕಾರಣ?" ಎಂದರು ಅಧ್ಯಕ್ಷರು. 'ತಾಂತ್ರಿಕ ಮರುಪರಿಶೀಲನೆ' ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಬರೀರಿ," ಎಂದೆ ಕಾರ್ಯದರ್ಶಿಗೆ. "ಆ ಕಲಂ ಬರೆದಾಗ ಪರೀಕ್ಷೆಗೆ ನನ್ನ ಹೆಸರೊಂದನ್ನೇ ಹಾಕಿ ನೋಡಿದ್ದೆ. ಎರಡಕ್ಷರದ ಹೆಸರು, ಸರಿಯಾಗಿ ಬಂತು. ಸಾಕು ಅಂದ್ಕೊಂಡೆ. ಮನೇಲೇ ಅಕ್ಕನ ಹೆಸರಿತ್ತು. ಹಾಕಿ ನೋಡ್ಲಿಲ್ಲ."

"ಇಷ್ಟೂ ಬರೀಲಾ ಸರ್?"

"ಇಷ್ಟೂ ಬರೀರಿ."

ಸಂಜೆ ಅಕ್ಕ ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಮಡಚಿಡುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೀರೆಯನ್ನು ಮಡಚಿ ಚೀಲಕ್ಕಿಟ್ಟಳು.

"ಈಗ ಸರಿಹೋಯ್ತಲ್ಲ?"

"ನಿಯಮ ಸರಿಹೋಯ್ತು ಅಕ್ಕ. ಆಸ್ಪತ್ರೆ ಯಂತ್ರಕ್ಕೆ ಬರೋಕೆ ನಾಲ್ಕೈದು ವರ್ಷ ಆಗುತ್ತೆ."

ಅವಳು ಚೀಲದ ಜಿಪ್ ಎಳೆದಳು.

"ಹಾಗಾದ್ರೆ ಸೋಮವಾರ ಬೇಗ ಬಾ," ಎಂದಳು. "ನನ್ನ ಹೆಸರು ನೀನೇ ನಿಂತು ಬರೆಸು."