ಇಬ್ಬರು ಹಿರಿಯರ ಶಾಖ

ನಿಲ್ಲಿಸಬೇಕಿತ್ತು. ಬ್ರೇಕಿನ ಮೇಲೆ ಕಾಲು ಹೋಗಿಯೂ ಇತ್ತು. ಆದರೆ ಅತನೂರ ಕ್ರಾಸಿನ ಬೇವಿನ ಮರದ ಕೆಳಗೆ ಕೈ ಎತ್ತಿ ನಿಂತಿದ್ದವರು ಒಬ್ಬರಲ್ಲ, ಇಬ್ಬರು. ಎರಡನೆಯವರನ್ನು ಮುಕ್ರಮ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಕಾರು ಮುಂದೆ ಹೋಯಿತು.

ಕನ್ನಡಿಯಲ್ಲಿ ಇಬ್ಬರೂ ಇನ್ನೂ ಕೈ ಎತ್ತಿಕೊಂಡೇ ಇದ್ದರು. ಒಬ್ಬರು ಅವನ ತಂದೆಯ ತಮ್ಮ ಸರ್ದಾರ ಚಾಚಾ. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಟೋಪಿ. ಇನ್ನೊಬ್ಬರು ಚಾಚಾನ ಮಗ್ಗುಲ ಹೊಲದ ಮಾಳಿಂಗಪ್ಪ. ತಲೆಗೆ ರುಮಾಲು, ಹೆಗಲ ಮೇಲೆ ಟವೆಲ್ಲು. ಯಾರದಾದರೂ ಮದುವೆಯ ಮಾತಿಗೆ, ಮುನಿಸಿನ ಮಾತಿಗೆ ಹೊರಟಾಗ ಇಬ್ಬರೂ ಹೀಗೇ ಜೋಡಿಯಾಗಿ ಹೊರಡುವವರು. ಇವತ್ತು ಹೊರಟಿದ್ದು ಮುಕ್ರಮನದೇ ಮಾತಿಗೆ. ರಂಜಾನ್ ಮುಗಿದಾಗಿನಿಂದ ಜೇವರ್ಗಿಯ ತವರಿನಲ್ಲಿ ಕೂತಿರುವ ಅವನ ಹೆಂಡತಿ ಗುಲನಾಜಳನ್ನು ಕರೆದು ತರುವುದಕ್ಕೆ.

ಮುನಿದು ಹೋದ ಹೆಂಡತಿಯನ್ನು ಕರೆಯಲು ಗಂಡ ಒಬ್ಬನೇ ಹೋಗುವಂತಿಲ್ಲ. ಹಿರಿಯರು ಜೊತೆಗಿರಬೇಕು, ಅವರು ಮಾತಾಡಬೇಕು, ಗಂಡ ತಲೆ ತಗ್ಗಿಸಿ ಕೂತಿರಬೇಕು. ಅಫಜಲಪುರದ ಆಡುವ ಮಕ್ಕಳಿಗೂ ಇದು ಗೊತ್ತು. ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮುಕ್ರಮನಿಗೆ ಗೊತ್ತಿಲ್ಲದೆ ಏನು? ಆದರೆ ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಒಬ್ಬ ಮನುಷ್ಯ ಸುಮ್ಮನೆ ಕೂತರೂ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತಾನೆ. ಇಬ್ಬರು ಹಿರಿಯರೆಂದರೆ ಎರಡು ಬಲ್ಬು. ಅದರಲ್ಲೂ ಮಾಳಿಂಗಪ್ಪ ಸಣ್ಣ ಬಲ್ಬಲ್ಲ. ಹಳೇ ಕಾರಿನ ಎಸಿ ಅಷ್ಟನ್ನು ತಡೆಯಲಿಕ್ಕಿಲ್ಲ.

‘ಅವರು ನನ್ನ ನೋಡಿರಲಿಕ್ಕಿಲ್ಲ’ ಅಂದುಕೊಂಡ. ಕೈ ಎತ್ತಿ ನಿಂತವರು ನೋಡಿರಲಿಕ್ಕಿಲ್ಲವಂತೆ! ಶಹಬ್ಬಾಸ್, ಮೇಷ್ಟ್ರೇ.

ಎಸಿಯಿಂದ ಮಾತ್ರ ತಣ್ಣನೆ ಗಾಳಿ ಬರುತ್ತಿತ್ತು. ಹದಿನೆಂಟು ವರ್ಷದ ಕಾರು. ಅವನ ಕೈಗೆ ಬರುವ ಮೊದಲು ಇನ್ನಿಬ್ಬರ ಕೈ ಕಂಡದ್ದು. ಒಂದು ತಿಂಗಳಿಂದ ಅದರ ಸೇವೆ ನಡೆದಿತ್ತು. ಮುಂದಿನ ಜಾಲರಿಯ ಹಿಂದಿರುವ ಕಂಡೆನ್ಸರಿನ ಸಂದುಗಳಿಂದ ತೊಗರಿ ಹೊಟ್ಟು, ಒಣಗಿದ ಚಿಟ್ಟೆ, ಒಂದು ಇಡೀ ಮಿಡತೆ ಹೊರತೆಗೆದು, ಬಾಗಿದ ತಗಡಿನ ಪದರಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ನೆಟ್ಟಗೆ ಮಾಡಿದ್ದ. ಗಾಳಿ ಸೋಸುವ ಫಿಲ್ಟರು ಬಿಚ್ಚಿದರೆ ಹಳೇ ಕಂಬಳಿಯ ಹಾಗಿತ್ತು, ಬದಲಿಸಿದ. ಎಂಜಿನ್ನಿನ ಮಗ್ಗುಲಲ್ಲಿ ಹಾಯುವ ತಂಪಿನ ಪೈಪಿಗೆ ಫೋಮ್ ಸುತ್ತಿದ. ಹೊರಗಿನ ಬಿಸಿಗಾಳಿಯನ್ನು ತಡೆದು ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಎಷ್ಟೋ ವರ್ಷದಿಂದ ಅಲುಗಾಡದೆ ಕೂತಿತ್ತು, ಅದನ್ನೂ ಅಲುಗಾಡಿಸಿದ. ಆಳಂದದ ಜಗದೇವನ ಗ್ಯಾರೇಜಿನಲ್ಲಿ ಗ್ಯಾಸು ತುಂಬಿಸಿದ. “ಗ್ಯಾಸ ತುಂಬೇನ್ರಿ ಸರ. ಮುಂದಿಂದು ನಿಮ್ ಗಾಡಿ ನಸೀಬ” ಅಂದಿದ್ದ ಜಗದೇವ, ಫೋನು ನೋಡುತ್ತಾ.

ಕೊನೆಗೆ ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರು ತಂದು ಗಾಳಿ ಬರುವ ಕಿಂಡಿಗೆ ದಾರದಿಂದ ಕಟ್ಟಿದ. ಪಾದರಸ ಇಳಿಯುವುದನ್ನು ನೋಡಿ ಎದೆ ಹಗುರಾಯಿತು. ಮದುವೆಯ ದಿನವೂ ಇಷ್ಟು ಹಗುರಾಗಿರಲಿಲ್ಲವಲ್ಲ ಅನ್ನಿಸಿ ನಾಚಿಕೆಯೂ ಆಯಿತು.

ಹೋದ ಬೇಸಿಗೆಯಲ್ಲಿ ಇದೇ ಕಾರಿನಲ್ಲಿ ಗುಲನಾಜಳಿಗೆ ತಲೆ ಸುತ್ತಿ ಬಂದು, ನಿಲ್ಲಿಸಿ ಅಂದಿದ್ದಳು. ಅವನು ನಿಲ್ಲಿಸದೆ, ಕಂಪ್ರೆಸರ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದ್ದ. ಚೆನ್ನಾಗಿಯೇ ವಿವರಿಸಿದ್ದ. ಆಮೇಲೆ ಅವಳು ಅವನನ್ನು ಏನೂ ಕೇಳುವುದನ್ನೇ ಬಿಟ್ಟಳು. ತವರಿಗೆ ಹೋಗುವಾಗಲೂ ಜಗಳವಿಲ್ಲ, ಅಳುವಿಲ್ಲ. ಹೋದಳು, ಬರಲಿಲ್ಲ ಅಷ್ಟೆ. ಅವನಿಗೊಂದು ಕಾರಣ ಬೇಕಿತ್ತು, ರಿಪೇರಿಗೆ ಸಿಗುವಂಥ ಕಾರಣ. ಕಾರು ಸಿಕ್ಕಿತು.

ಭೀಮೆಯ ಸೇತುವೆ ದಾಟುವಾಗ ಫೋನು ಬಡಿದುಕೊಂಡಿತು. ಚಾಚಾ. ಕೆಳಗೆ ನದಿಯಲ್ಲಿ ನೀರಿಗಿಂತ ಉಸುಕೇ ಹೆಚ್ಚು ಹೊಳೆಯುತ್ತಿತ್ತು. ಫೋನು ನಿಲ್ಲುವ ತನಕ ಅವನು ಉಸುಕನ್ನೇ ನೋಡಿದ.

ಜೇವರ್ಗಿಯಲ್ಲಿ ಅತ್ತೆ ಅಜೀಜಾಬಿ ಬಾಗಿಲಲ್ಲೇ ನಿಂತಿದ್ದರು. ಅವನನ್ನು ನೋಡಿ, ಅವನ ಬೆನ್ನ ಹಿಂದೆ ನೋಡಿ, ಖಾಲಿ ಕಾರನ್ನು ನೋಡಿದರು.

“ಒಬ್ರೇ ಬಂದೀರಿ?”

“ಹೌದ್ರಿ.”

“ಹಿರ್ಯಾರು?”

“ಬಿಸಲು ಬಾಳ ಅದರಿ. ನಾನೇ ಬ್ಯಾಡ ಅಂದೆ.”

“ಬಿಸಲಿಗಿ ಅಂಜಿ ಹಿರ್ಯಾರು ಮನ್ಯಾಗ ಕೂತಿದ್ರ, ಮುಕ್ರಮ ಮಿಯಾ, ಈ ಜೇವರ್ಗ್ಯಾಗ ಒಬ್ಬರದೂ ಶಾದಿ ಆಗ್ತಿದ್ದಿಲ್ಲ.”

ಶರಬತ್ತು ಬಂತು. ಒಳಗಿನ ಪರದೆ ಒಮ್ಮೆ ಅಲುಗಿತು, ಯಾರೂ ಬರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಅವನು ಹೇಳಿದ:

“ಎಸಿ ಚಲೋ ಆಗ್ಯಾದ್ರಿ.”

“ಏನು?”

“ಕಾರಿಂದು.”

ಅಜೀಜಾಬಿ “ಮುಬಾರಕ್” ಅಂದರು.

ಅಷ್ಟರಲ್ಲಿ ಓಣಿಯಲ್ಲಿ ಟಂಟಂ ಆಟೋ ಬಂದು ಗಡಗಡಿಸಿ ನಿಂತಿತು. ಸರ್ದಾರ ಚಾಚಾ ಇಳಿದರು. ಇಸ್ತ್ರಿಯ ಬಟ್ಟೆ ಧೂಳಿಗೆ ಕೆಂಪಾಗಿ ಬೆನ್ನಿಗೆ ಅಂಟಿತ್ತು. ಹಿಂದೆ ಮಾಳಿಂಗಪ್ಪ, ಬಿಚ್ಚಿದ ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಯಿ ತೆರೆದು ಉಸಿರು ಬಿಡುತ್ತಾ. ಮುಕ್ರಮ ಎದ್ದು ನಿಂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅರೇ ಮುಕ್ರಮ, ಮುಟ್ಟಿದ್ಯಾ?” ಅಂದರು ಚಾಚಾ. ಆಮೇಲೆ ಅಜೀಜಾಬಿಯ ಕಡೆ ತಿರುಗಿ, “ನಾನೇ ಇವಂಗ ಅಂದಿದ್ದೆ, ಅಜೀಜಾಬಿ. ನೀ ಮುಂದ ನಡಿ, ನಾವು ಹಿಂದಿಂದ ಬರ್ತೇವಿ ಅಂತ.”

“ಹೌದ್ರಿ ಹೌದು” ಅಂದರು ಮಾಳಿಂಗಪ್ಪ. “ನಾ ಕೂತ್ರ ಅವ್ರ ಗಾಡಿ ಟಾಯರ ಕುಂದರ್ತದ. ಸಣ್ಣ ಗಾಡಿ, ಪಾಪ.” ನಕ್ಕರು. ನಗುವಾಗ ಮುಕ್ರಮನ ಕಡೆ ನೋಡಲಿಲ್ಲ.

ಅಜೀಜಾಬಿ ಅಳಿಯನ ಸುಳ್ಳನ್ನೂ ಹಿರಿಯರ ಸುಳ್ಳನ್ನೂ ಕೂಡಿಸಿ ನೋಡಿದರೋ ಏನೋ, ನೀರು ತರಲು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಚಾಚಾ ಒಂದು ಮಾತು ಬೈದಿದ್ದರೂ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾತು ಶುರುವಾಯಿತು. ಚಾಚಾ ಚೆನ್ನಾಗಿ ಮಾತಾಡಿದರು. ತಪ್ಪು ನಮ್ಮ ಹುಡುಗನದು, ಓದಿದ್ದಾನೆ ಆದರೆ ತಿಳಿವಳಿಕೆ ಕಮ್ಮಿ, ಮನಸ್ಸು ಕೆಟ್ಟದ್ದಲ್ಲ, ಬಾಯಿ ಮಾತ್ರ ಏಳುವುದಿಲ್ಲ ಅಂದರು. ಮಾಳಿಂಗಪ್ಪ ಪ್ರತಿ ಮಾತಿಗೂ “ಖರೇ ಅದ” ಅನ್ನುತ್ತಾ ಹೋದರು. ಮುಕ್ರಮ ತಲೆ ತಗ್ಗಿಸಿದ್ದ. ಪದ್ಧತಿ ಅವನಿಗೆ ಕೊಟ್ಟ ಒಂದೇ ಕೆಲಸ ಅದು. ಅದನ್ನಾದರೂ ಚೊಕ್ಕಟವಾಗಿ ಮಾಡಿದೆನಲ್ಲ ಅಂದುಕೊಂಡ.

ಹಿರಿಯರು ಕೈ ತೊಳೆಯಲು ಹಿತ್ತಲಿಗೆ ಎದ್ದು ಹೋದಾಗ ಗುಲನಾಜ ಹೊರಗೆ ಬಂದಳು. ತುಸು ತೆಳ್ಳಗಾಗಿದ್ದಳು. ಅಥವಾ ಅವನು ಮೊದಲು ಸರಿಯಾಗಿ ನೋಡಿರಲೇ ಇಲ್ಲವೇನೋ.

“ಚಾಚಾಗ ಇಲ್ಲ ಅನ್ನೂದು ನನ್ ಕಡಿಂದ ಆಗಾಂಗಿಲ್ಲ” ಅಂದಳು. “ಅತನೂರ ತನಕ ಬರ್ತೇನಿ.”

ಕನ್ನಡದಲ್ಲಿ ಅಂದಳು. ಮನೆಯಲ್ಲಿ ಅವರಿಬ್ಬರದು ದಖನಿ ಉರ್ದು. ಬೈಯುವುದೂ ಕರೆಯುವುದೂ ಅದರಲ್ಲೇ. ಕನ್ನಡವೆಂದರೆ ಬಂದವರ ಜೊತೆ, ಅಂಗಡಿಯವರ ಜೊತೆ. ಅವನಿಗೆ ಭಯವಾಯಿತು.

“ಅತನೂರಿಂದ ಮುಂದ?”

“ಮುಂದ ನೀವು ಕರೀರಿ. ಹಿರ್ಯಾರು ಕರದ್ರು, ಆಯ್ತು. ನೀವಿನ್ನಾ ಕರದಿಲ್ಲ. ಅವರಿಬ್ರು ಇಳದ ಮ್ಯಾಲ ನೀವು ಕರದ್ರ ಮನಿಗಿ ಬರ್ತೇನಿ. ಇಲ್ಲಾಂದ್ರ ಅಲ್ಲೇ ಬಸ್ ಹಿಡದು ಹೊಳ್ಳಿ ಬರ್ತೇನಿ.”

“ಈಗೇ ಕರೀತೇನಲ್ಲ.”

“ಈಗ ಬ್ಯಾಡ. ಈಗ ಚಾಚಾ ಅಂದಿದ್ದೇ ಅಂತೀರಿ.”

ನಿಜ. ಬಾಯಿಗೆ ಬಂದಿದ್ದು ಚಾಚಾನ ಮಾತೇ.

ವಾಪಸ್ಸು ಹೊರಟಾಗ ಬಿಸಿಲು ನೆತ್ತಿ ಬಿಟ್ಟಿತ್ತು, ಸೆಕೆ ಬಿಟ್ಟಿರಲಿಲ್ಲ. ಮಾಳಿಂಗಪ್ಪ ಮುಂದೆ ಕೂತರು, ಚಾಚಾ ಮತ್ತು ಗುಲನಾಜ ಹಿಂದೆ. ಎಂಜಿನ್ನು ಸುರು ಮಾಡಿ, ಎಲ್ಲಾ ಕಿಟಕಿ ಇಳಿಸಿ ಒಳಗಿನ ಬಿಸಿಗಾಳಿ ಹೊರಹೋಗುವಷ್ಟು ದೂರ ಓಡಿಸಿ, ಮತ್ತೆ ಏರಿಸಲು ಹೇಳಿದ. ಅದರ ಕಾರಣವನ್ನೂ ವಿವರಿಸಲು ಹೊರಟು, ಕನ್ನಡಿಯಲ್ಲಿ ಗುಲನಾಜಳ ಮುಖ ಕಂಡು ಸುಮ್ಮನಾದ. ಪಾದರಸ ಇಳಿಯಲಿಲ್ಲ. ನಾಲ್ಕು ಬಲ್ಬುಗಳು. ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಸರಿಯಾಗಿದ್ದುದಕ್ಕೆ ಆ ಹೊತ್ತಿನಲ್ಲೂ ಒಂದು ಕ್ಷಣ ಖುಷಿಯಾಯಿತು, ಥೂ!

“ಯಾಕೋ ದಮ್ಮು ಕಟ್ಟಾಕತ್ತದ” ಅಂದರು ಚಾಚಾ. “ಕಿಡಕಿ ತಗೀಲೇನು?”

“ಎಸಿ ಅದ ಚಾಚಾ.”

“ಅದ ಅಂತೀ, ಬರವಲ್ದಲ್ಲೋ!”

ಚಾಚಾ ಕಿಟಕಿಯ ಹಿಡಿ ತಿರುಗಿಸಿದರು. ಮಾಳಿಂಗಪ್ಪ ಅದನ್ನೇ ಕಾಯುತ್ತಿದ್ದವರಂತೆ ತಮ್ಮದನ್ನೂ ಇಳಿಸಿದರು. ಗುಲನಾಜಳೂ ಇಳಿಸಿದಳು. ಕಾದ ಗಾಳಿ ನುಗ್ಗಿತು, ಜೊತೆಗೆ ಧೂಳು, ಹಿಂದೆ ಬರುತ್ತಿದ್ದ ಲಾರಿಯ ಹಾರ್ನು. ಎಲ್ಲರಿಗೂ ಜೀವ ಬಂದಂತಾಯಿತು. ಮಾಳಿಂಗಪ್ಪ ಗಾಳಿಯ ಮೇಲೆ ಕೂಗಿ ಟಂಟಂ ಪ್ರಯಾಣದ ಕಥೆ ಹೇಳತೊಡಗಿದರು. ಡ್ರೈವರ್ ತನ್ನ ಸೀಟಿನಲ್ಲೇ ಅರ್ಧ ಜಾಗ ಕೊಟ್ಟನಂತೆ. ತಿರುವು ಬಂದಾಗಲೆಲ್ಲ “ಯಜಮಾನ್ರ, ಹೊಟ್ಟಿ ಒಳಗ ಎಳಕೋರಿ, ಹ್ಯಾಂಡಲ್ ತಿರಗವಲ್ದು” ಅನ್ನುತ್ತಿದ್ದನಂತೆ.

ಗುಲನಾಜ ನಕ್ಕಳು. ಬಾಯಿಗೆ ಓಢಣಿ ಅಡ್ಡ ಹಿಡಿದರೂ ತಡೆಯದೆ ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಮುಕ್ರಮನಿಗೆ ಕಣ್ಣು ತುಂಬಿ ಬಂತು. ಆ ಬೆನ್ನಿಗೇ ಮಾಳಿಂಗಪ್ಪನ ಮೇಲೆ ಹೊಟ್ಟೆಕಿಚ್ಚೂ ಬಂತು, ತೆರೆದ ಕಿಟಕಿಗಳ ಮೇಲೆ ಸಿಟ್ಟೂ ಬಂತು. ಮೂರು ಕಿಟಕಿ ತೆರೆದಿದ್ದವು. ಅವನದೊಂದು ಮುಚ್ಚಿತ್ತು.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಾಠ ಮಾಡಿಕೊಂಡ. ಮನೆಗೆ ನಡಿ. ಎರಡೇ ಮಾತು. ನೀನಿಲ್ಲದೆ ಮನೆಯಲ್ಲಿ ನನಗೆ ಹೆದರಿಕೆಯಾಗುತ್ತದೆ. ಇದು ಉದ್ದವಾಯಿತು, ಆದರೆ ಇದೇ ನಿಜ. ಕ್ಲಾಸಿನಲ್ಲಿ ಪುಸ್ತಕ ಮುಟ್ಟದೆ ಗಂಟೆ ಹೊಡೆಯುವ ತನಕ ಮಾತಾಡುವ ಮನುಷ್ಯ, ಇಷ್ಟು ಬಾರದೇ?

ಅತನೂರ ಕ್ರಾಸಿನಲ್ಲಿ ಹಿರಿಯರು ಇಳಿದರು. ಮಾಳಿಂಗಪ್ಪ ರುಮಾಲು ಝಾಡಿಸಿ ಗುಲನಾಜಳಿಗೆ “ಬರ್ತೀನವ್ವ, ತಂಗಿ” ಅಂದರು. ಚಾಚಾ ಮುಂದಿನ ಕಿಟಕಿಗೆ ಬಗ್ಗಿ, ತಗ್ಗಿದ ದನಿಯಲ್ಲಿ “ಬಾಯಿ ಬಿಡು, ಬೇಟಾ” ಅಂದರು. ಗಲ್ಲಕ್ಕೆ ಬೆವರಿನ ಗೆರೆ ಇಳಿದಿತ್ತು. ಇಬ್ಬರೂ ಹೊರಳಿ ನೋಡದೆ ಊರಿನ ದಾರಿ ಹಿಡಿದರು.

ಎಂಜಿನ್ನು ನಿಂತಲ್ಲೇ ಓಡುತ್ತಿತ್ತು. ಗುಲನಾಜ ಅವನ ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು. ಇಳಿಯಲಿಲ್ಲ. ಮುಂದೆ ಬಂದು ಕೂರಲೂ ಇಲ್ಲ. ಜೇವರ್ಗಿಗೆ ಹೋಗುವ ಬಸ್ಸೊಂದು ದೂರದಲ್ಲಿ ಧೂಳೆಬ್ಬಿಸುತ್ತಾ ಬರುತ್ತಿತ್ತು.

ಅವನು ಬಾಯಿ ತೆರೆದ. ಮಾತು ಬಂತು ಕೂಡ.

“ಗಾಜು ಏರ್ಸು” ಅಂದ. “ತಂಪು ಹೋಗಾಕತ್ತದ.”

ಬೇರೆ ಯಾರೋ ಅಂದಂತೆ ಕೇಳಿಸಿತು. ಹಿಂತಿರುಗಿ ನೋಡಬೇಕಿತ್ತು, ಕತ್ತು ತಿರುಗಲಿಲ್ಲ. ಹಿಂದೆ ಕಿಟಕಿಯ ಹಿಡಿ ಕಿರುಗುಟ್ಟಿತು.

ಬಾಗಿಲ ಹೊರಗಿನ ಕನ್ನಡಿಯಲ್ಲಿ ಅವಳ ಕಿಟಕಿಯ ಗಾಜು ಮೆಲ್ಲಗೆ ಮೇಲೇರುವುದು ಕಂಡಿತು. ಅರ್ಧಕ್ಕೆ ಬಂದು ನಿಂತಿತು. ಅವಳ ನಾಲ್ಕು ಬೆರಳುಗಳು ಗಾಜಿನ ಅಂಚನ್ನು ಹಿಡಿದು ಹೊರಗಿನ ಬಿಸಿಲಿನಲ್ಲಿದ್ದವು, ಉಳಿದಂತೆ ಅವಳು ಒಳಗೆ. ಬಸ್ಸು ಹಾರ್ನು ಹೊಡೆಯಿತು. ಮುಕ್ರಮ ಆ ಬೆರಳುಗಳನ್ನೇ ನೋಡುತ್ತಾ, ಗಾಜು ಏರುವುದೋ ಬಾಗಿಲು ತೆರೆಯುವುದೋ ತಿಳಿಯದೆ, ಹಿಡಿ ಇನ್ನೊಮ್ಮೆ ತಿರುಗುವ ಸದ್ದಿಗೆ ಕಿವಿಗೊಟ್ಟು ಕೂತ.