ವೆಸೆಲಿಯಮ್ಮನ ಮಫ್ಲರ್

'ಗೊತ್ತಿಲ್ಲ' ಎನ್ನುವ ಮಾತು ನನ್ನ ಬಾಯಿಂದ ಹೊರಡುವುದು ಕಷ್ಟ. ಹಲ್ಲಿನ ಡಾಕ್ಟರಿಕೆ ಓದಲು ಬಲ್ಗೇರಿಯಾದಿಂದ ವಿಯೆನ್ನಾಕ್ಕೆ ಬಂದ ಮೊದಲ ವಾರವೇ, ದಾರಿ ಕೇಳಿದ ಮುದುಕನೊಬ್ಬನನ್ನು ಸ್ಮಶಾನದ ಕಡೆಗೆ ಹೋಗುವ ಟ್ರಾಮಿಗೆ ಹತ್ತಿಸಿದ್ದೆ; ಪಾಪ, ಅವನು ಹೊರಟಿದ್ದು ಮೊಮ್ಮಗಳ ಮದುವೆಗೆ. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿ ಹಲ್ಲು ಕೀಳುತ್ತಿದ್ದೇನೆ, ಆ ಚಾಳಿಯನ್ನು ಮಾತ್ರ ಕೀಳಲಾಗಿಲ್ಲ.

ಓದುವ ಕಾಲದಲ್ಲಿ ನಾನು ವೆಸೆಲಿಯಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಎರಡನೇ ವರ್ಷದ ಪರೀಕ್ಷೆಯಲ್ಲೇ ಒದ್ದಾಡುತ್ತಿದ್ದ ನನ್ನನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಿದ್ದರು. ಈ ಊರಿನಲ್ಲಿ ಬಿರುದಿಲ್ಲದೆ ಯಾರನ್ನೂ ಮಾತಾಡಿಸುವುದಿಲ್ಲ; ನಾನೂ ಬೇಡ ಎನ್ನಲಿಲ್ಲ. ನಲವತ್ತು ವರ್ಷದಿಂದ ಅವರು ತಿಂಗಳಿಗೊಮ್ಮೆ ಸಂಗೀತ ಮಂದಿರಕ್ಕೆ ಹೋಗಿ, ನಿಂತು ಕೇಳುವವರ ಜಾಗದಲ್ಲಿ ಕಂಬಿ ಹಿಡಿದು ನಿಲ್ಲುವವರು. ಕುರ್ಚಿಯವರನ್ನು ಕಂಡರೆ ತಾತ್ಸಾರ. "ಕೂತು ಕೇಳೋರೆಲ್ಲ ನಿದ್ದೆ ಮಾಡೋಕ್ಕೆ ಬರೋರು" ಎನ್ನುತ್ತಿದ್ದರು. ಆ ಮಾರ್ಚಿನಲ್ಲಿ ಅವರ ಮಂಡಿ ಕೈಕೊಟ್ಟಿತು. ಸೋಮವಾರ ಆಪರೇಷನ್, ಆಮೇಲೆ ಎರಡು ಗಂಟೆ ನಿಲ್ಲಲು ಆಗುತ್ತದೋ ಇಲ್ಲವೋ ಹೇಳಲಾರೆವು ಎಂದಿದ್ದರು ಆಸ್ಪತ್ರೆಯವರು. ಶನಿವಾರ ಸಂಜೆಯ ಕಛೇರಿಯೇ ಅವರ ಪಾಲಿಗೆ ಕೊನೆಯದಾಗಬಹುದಿತ್ತು.

ಶುಕ್ರವಾರ ಊಟದ ಹೊತ್ತಿಗೆ ನನ್ನ ಮಣಿಕಟ್ಟಿನ ಕೆಂಪು-ಬಿಳಿ ದಾರ ನೋಡಿ ಅದೇನೆಂದು ಕೇಳಿದರು. ನಮ್ಮಲ್ಲಿ ಮಾರ್ಚ್ ಒಂದಕ್ಕೆ ಇದನ್ನು ಕೈಗೆ ಕಟ್ಟಿಕೊಂಡು, ಹೂಬಿಟ್ಟ ಮೊದಲ ಮರ ಕಂಡಾಗ ಬಿಚ್ಚಿ ಮರಕ್ಕೆ ಕಟ್ಟುತ್ತೇವೆ, ಆರೋಗ್ಯ ಬೇಡಿಕೊಳ್ಳುತ್ತೇವೆ ಎಂದು ಅರ್ಧ ಗಂಟೆ ಪ್ರವಚನ ಕೊಟ್ಟೆ. ಮರುದಿನ ಬೆಳಿಗ್ಗೆ, ಬಂದು ವರ್ಷ ದಾಟಿದರೂ ಸರಿಯಾಗಿ ನೋಡದಿದ್ದ ಊರು ನೋಡಲು ನಾನು ಹೊರಟಾಗ ಅವರು ತಮ್ಮ ಮಫ್ಲರ್ ತಂದು ನನ್ನ ಕೈಗಿಟ್ಟರು. ಕೆಂಪು ಬಣ್ಣ, ಬಿಳಿ ಅಂಚು.

"ಡಾಕ್ಟ್ರೇ, ಸಂಜೆಗೆ ನಿಲ್ಲೋ ಟಿಕೆಟ್ ಎರಡು ತಗೊಂಡಿರಿ. ನಂಗೆ ಕ್ಯೂನಲ್ಲಿ ನಿಲ್ಲೋಕ್ಕಾಗಲ್ಲ, ಏಳೂಕಾಲಿಗೆ ಬರ್ತೀನಿ. ಅಷ್ಟರಲ್ಲಿ ಇದನ್ನ ನನ್ನ ಹೆಸರಲ್ಲಿ ಕಟ್ಟಿಬಿಡಿ. ಗಟ್ಟಿಯಾಗಿ. ಎಲ್ಲಿ ಅಂತ ಹೇಳಬೇಕಾ?"

"ಅದೆಲ್ಲ ನಂಗೊತ್ತು ಬಿಡಿ," ಎಂದೆ.

ಒಂದೇ ಪ್ರವಚನಕ್ಕೆ ಮುದುಕಿ ನಮ್ಮ ಪದ್ಧತಿಗೆ ಒಲಿದುಬಿಟ್ಟರಲ್ಲ ಎಂದು ನನ್ನ ಎದೆ ಉಬ್ಬಿತ್ತು. ಟ್ರಾಮಿನಲ್ಲಿ ಊರಿಗೆ ಪ್ರದಕ್ಷಿಣೆ ಹಾಕಿದೆ. ದೊಡ್ಡ ಚರ್ಚಿನ ಗೋಪುರ ಹತ್ತಿ ಏದುಸಿರು ಬಿಟ್ಟೆ. ಅರಮನೆಯ ಮುಂದೆ ಅಪ್ಪನ ಆಸ್ತಿ ಎಂಬಂತೆ ನಿಂತು ಫೋಟೋ ತೆಗೆಸಿಕೊಂಡೆ. ಅಲ್ಲಿನ ತೋಟದಲ್ಲಿ ಬಾದಾಮಿ ಮರವೊಂದು ಮೈತುಂಬ ಹೂಬಿಟ್ಟಿತ್ತು. ಬೇಲಿ ದಾಟಿ, ಒಳ್ಳೆಯ ಕೊಂಬೆ ಹುಡುಕಿ, ಮಫ್ಲರನ್ನು ಮೂರು ಗಂಟು ಹಾಕಿ ಬಿಗಿದೆ. ವೆಸೆಲಿಯಮ್ಮನ ಮಂಡಿಗಾಗಿ ಬೇಡಿಕೊಂಡೆ. ನನ್ನ ಒಳ್ಳೆಯತನಕ್ಕೆ ನನಗೇ ಕಣ್ಣು ತುಂಬಿ ಬಂತು. ಇದೇನೆಂದು ಪ್ರವಾಸಿಗರಿಬ್ಬರು ಕೇಳಿದಾಗ, "ಈ ಊರಿನ ಹಳೇ ಪದ್ಧತಿ," ಎಂದೆ. ಪಾಪ, ಅವರೂ ಒಂದು ಕರವಸ್ತ್ರ ಕಟ್ಟಿ ಹೋದರು.

ಗಸಗಸೆ ಕೇಕ್ ತಿನ್ನುತ್ತ ಕೂತು, ಮಂದಿರಕ್ಕೆ ತಡವಾಗಿಯೇ ಹೋದೆ. ಟಿಕೆಟ್ ಸಿಕ್ಕಿತು. ಒಳಗೆ ಹೋದರೆ ಕಂಬಿಯುದ್ದಕ್ಕೂ ಮಫ್ಲರುಗಳು, ಕರವಸ್ತ್ರಗಳು, ಯಾರದೋ ಒಂದು ಟೈ ಕೂಡ. ಕಟ್ಟಿದವರೆಲ್ಲ ಕಾಫಿಗೆ ಹೋಗಿದ್ದರು. ಇವರೂ ನಮ್ಮ ಹಾಗೆಯೇ ಹರಕೆ ಕಟ್ಟುತ್ತಾರೆ, ಆದರೆ ಸೋಮಾರಿಗಳು, ಮರದ ತನಕ ಹೋಗಲಾರದೆ ಕಬ್ಬಿಣಕ್ಕೆ ಕಟ್ಟಿದ್ದಾರೆ ಎಂದುಕೊಂಡೆ. ಎಡತುದಿಯೊಂದು ಮಾತ್ರ ಖಾಲಿಯಿತ್ತು. ಪೊಸ್ಪಿಶಿಲ್ ಎಂಬ ನಿವೃತ್ತ ಟ್ರಾಮ್ ಕಂಡಕ್ಟರ್ ಹಸಿರು ಮಫ್ಲರ್ ಹಿಡಿದು ಬಂದು, "ಇಲ್ಲಿ ಕಟ್ಲಾ?" ಎಂದು ಕೇಳಿದ. "ಧಾರಾಳವಾಗಿ ಕಟ್ಟಿ," ಎಂದು ಗಂಟು ಬಿಗಿಯಲು ಬೆರಳನ್ನೂ ಒತ್ತಿ ಹಿಡಿದೆ.

ಏಳೂಕಾಲಿಗೆ ವೆಸೆಲಿಯಮ್ಮ ಕೋಲೂರಿಕೊಂಡು ಬಂದರು. ಕಣ್ಣು ನೇರ ಎಡತುದಿಗೆ ಹೋಯಿತು.

"ನನ್ನ ಮಫ್ಲರ್ ಎಲ್ಲಿ ಡಾಕ್ಟ್ರೇ?"

"ಕಟ್ಟಿದೀನಿ. ಮೂರು ಗಂಟು."

"ಎಲ್ಲಿ?"

"ಅರಮನೆ ತೋಟದಲ್ಲಿ. ಬಾದಾಮಿ ಮರಕ್ಕೆ."

ಸುತ್ತ ನಿಂತವರು ತಿರುಗಿ ನೋಡಿದರು. ಪೊಸ್ಪಿಶಿಲ್ ತನ್ನ ಹಸಿರು ಗಂಟಿನ ಮೇಲೆ ಕೈಯಿಟ್ಟ. "ಗಂಟು ಹಾಕಿದೋರದೇ ಜಾಗ, ವೆಸೆಲಿಯಮ್ಮ. ನಂಗೆ ಅದನ್ನ ಕಲ್ಸಿದ್ದೇ ನೀವು. ಈ ಹುಡುಗನೇ ಬೆರಳು ಕೊಟ್ಟ, ಕೇಳಿ ಬೇಕಾದ್ರೆ."

"ಹೌದು. ಗಂಟು ಅಂದ್ರೆ ಗಂಟು," ಎಂದರು ಅವರು. ಹಿಡಿಯಲು ಕಂಬಿಯಿಲ್ಲದೆ ಅವರ ಮಂಡಿ ಆಗಲೇ ನಡುಗುತ್ತಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ನಲವತ್ತು ವರ್ಷದ ಜಾಗ, ಬಹುಶಃ ಕೊನೆಯ ಸಂಜೆ, ಅದನ್ನು ನಾನೇ ಬೆರಳು ಕೊಟ್ಟು ಬೇರೆಯವರಿಗೆ ಕಟ್ಟಿಕೊಟ್ಟಿದ್ದೆ.

"ನಂಗೆ ಗೊತ್ತಿರಲಿಲ್ಲ," ಎಂದೆ. ಜೀವನದಲ್ಲಿ ಮೊದಲ ಸಲ.

"ಅದು ಈಗ ಎಲ್ಲರಿಗೂ ಗೊತ್ತಾಯ್ತು. ನನ್ನ ಮುಂದೆ ನಿಲ್ಲಿ. ನಾನು ಹೇಗೂ ಕಣ್ಮುಚ್ಚಿಯೇ ಕೇಳೋದು." ಎರಡೂ ಕೈ ನನ್ನ ಹೆಗಲ ಮೇಲೆ ಇಟ್ಟರು. "ಕಂಬಿ ಕೆಮ್ಮಲ್ಲ ಡಾಕ್ಟ್ರೇ, ಕಂಬಿ ಅಲ್ಲಾಡಲ್ಲ. ನೆನಪಿರಲಿ."

ಎರಡು ಗಂಟೆ ನಾನು ಕಂಬಿಯಾಗಿದ್ದೆ. ಶುರುವಾದ ಐದೇ ನಿಮಿಷಕ್ಕೆ ಮೂಗು ತುರಿಸಿತು, ಕೈಯೆತ್ತಲಿಲ್ಲ. ಪಿಟೀಲುಗಳು ಮೆದುವಾದಾಗ ಅವರ ಬೆರಳು ನನ್ನ ಹೆಗಲ ಮೇಲೆ ತಾಳ ಹಾಕುತ್ತಿತ್ತು, ತುತ್ತೂರಿಗಳೆದ್ದಾಗ ಮೈಭಾರವೆಲ್ಲ ನನ್ನ ಮೇಲೆ ಬೀಳುತ್ತಿತ್ತು. ಅಂದು ಏನು ನುಡಿಸಿದರೆಂದು ಕೇಳಿದರೆ ಹೇಳಲಾರೆ. ಎಲ್ಲಿ ಮೆದು, ಎಲ್ಲಿ ಜೋರು ಎಂದು ಇವತ್ತಿಗೂ ಹೆಗಲು ಮುಟ್ಟಿ ತೋರಿಸಬಲ್ಲೆ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಅವರಿನ್ನೂ ಕೈ ತೆಗೆದಿರಲಿಲ್ಲ.

"ನಾಳೆ ಹೋಗಿ ಮಫ್ಲರ್ ಬಿಚ್ಚಿ ತರ್ತೀನಿ," ಎಂದೆ ಹೊರಗೆ ಬಂದ ಮೇಲೆ.

"ಮುಟ್ಟಬೇಡಿ. ಸೋಮವಾರ ಕಳೀಲಿ."

ಜೂನಿನಲ್ಲಿ ಅವರು ಹೊಸ ಮಂಡಿಯ ಮೇಲೆ ತಾವೇ ಕ್ಯೂನಲ್ಲಿ ನಿಂತು, ಎಡತುದಿಗೆ ನೀಲಿ ಮಫ್ಲರೊಂದನ್ನು ಕಟ್ಟಿದರು. ನನ್ನನ್ನು ನಂಬುವಷ್ಟು ಹುಚ್ಚು ಹಿಡಿದಿರಲಿಲ್ಲ. ಕಛೇರಿ ಶುರುವಾಗುವ ಹೊತ್ತಿಗೆ ಗಂಟು ಬಿಚ್ಚಿ, ಕಂಬಿಗೆ ತಮ್ಮ ಕೈಚೀಲ ತೂಗುಹಾಕಿ, ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಂಡು ಹೆಗಲ ಮೇಲೆ ಕೈಯಿಟ್ಟರು.

"ಕಂಬಿ ಖಾಲಿ ಇದೆಯಲ್ಲ?" ಎಂದೆ.

"ಅದು ತಣ್ಣಗಿರುತ್ತೆ," ಎಂದರು ವೆಸೆಲಿಯಮ್ಮ. "ಅಲ್ಲಾಡಬೇಡಿ."