ಮೂವರು ದುಡಿಯುವ ಅಂಗಡಿಗೆ ಎಂಟು ಫೋನ್ ಯಾಕೆ?

ಕುಷ್ಟಗಿಯ ಶಿವಲೀಲಾ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾಳೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವಳ ಕೈ ಪಳಗಿದೆ. ಗಂಡ ಪಂಪಾಪತಿ ಮತ್ತು ಮೆಕ್ಯಾನಿಕ್ ಖಲಂದರ ಬೈಕ್ ಹತ್ತಿ ಹೊಲ ಹೊಲ ತಿರುಗುತ್ತಾರೆ. ಅಂಗಡಿಗೆ ಇರುವುದು ಒಂದೇ ನಂಬರ್, ಅದೂ ಶಿವಲೀಲಾಳ ಮೊಬೈಲ್. ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ಕೈಗೆ ಮೆತ್ತಿಕೊಂಡಾಗಲೇ ಅದು ಬಡಿದುಕೊಳ್ಳುತ್ತದೆ. ಎತ್ತಿದರೆ ಕೆಲಸ ಕೆಟ್ಟಿತು, ಬಿಟ್ಟರೆ ಗಿರಾಕಿ ಹೋದ.

ಆ ವಾರ ದಾಳಿಂಬೆ ಬೆಳೆಗಾರರ ಸಂಘದ ಶರಣಬಸಪ್ಪ ಬಂದು ಖಡಾಖಂಡಿತವಾಗಿ ಹೇಳಿದರು. "ನಮ್ಮ ಸಂಘದಾಗ ಅರವತ್ತು ಬೋರ್ ಅದಾವ. ವರ್ಷದ ರಿಪೇರಿ ನಿಮಗ ಕೊಡಬೇಕಂತ ಮನಸೈತಿ. ಆದ್ರ ಫೋನ್ ಹಚ್ಚಿದ್ರ ಯಾರಾರ ಎತ್ತಬೇಕು ನೋಡವ್ವಾ. ಸೋಮವಾರದೊಳಗ ಏನಾರ ಮಾಡು. ಇಲ್ಲಂದ್ರ ಬ್ಯಾರೆ ಅಂಗಡಿ ನೋಡ್ತೀವಿ."

ಅರವತ್ತು ಬೋರ್ ಅಂದರೆ ವರ್ಷವಿಡೀ ಕೈತುಂಬ ಕೆಲಸ. ಶಿವಲೀಲಾಳ ಮಾವ ಕೊಟ್ರಬಸಪ್ಪ ಗಾಬರಿಯಾಗಿ, ಪೇಪರಿನಲ್ಲಿ ಜಾಹೀರಾತು ನೋಡಿ ಒಂದು ಕಂಪನಿಯವನನ್ನು ಕರೆಸಿಯೇಬಿಟ್ಟರು.

ಇಸ್ತ್ರಿ ಅಂಗಿಯ ಆ ಮನುಷ್ಯ ಚಿತ್ರಗಳ ಪುಸ್ತಕ ಬಿಚ್ಚಿದ. "ಇಂಟರ್‌ನೆಟ್ ಫೋನ್ ಹಾಕಿಸಿ ಮೇಡಮ್. ಒಂದೇ ನಂಬರ್, ಎಲ್ಲರಿಗೂ ರಿಂಗ್ ಆಗುತ್ತೆ. ಒಂದು ಪೆಟ್ಟಿಗೆ, ಎಂಟು ಟೇಬಲ್ ಫೋನ್, ವೈರಿಂಗ್, ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಇವತ್ತೇ ಅರ್ಧ ಕೊಟ್ಟರೆ ರಿಯಾಯಿತಿ."

"ಎಂಟು ಫೋನ್ ಯಾರಿಗ್ರಿ? ದುಡಿಯೋರು ಮೂರು ಮಂದಿ. ಅದರಾಗ ಇಬ್ರು ಹೊಲದಾಗಿರ್ತಾರ. ಟೇಬಲ್ ಫೋನ್ ಬೈಕಿಗೆ ಕಟ್ಟಗೊಂಡು ಹೋಗಬೇಕೇನು?" ಎಂದಳು ಶಿವಲೀಲಾ.

"ಸಣ್ಣ ಪ್ಯಾಕೇಜ್ ಇಲ್ಲ ಮೇಡಮ್."

"ಸುಮ್ನಿರವ್ವಾ," ಎಂದರು ಮಾವ. "ದೊಡ್ಡ ಕಂಪನಿಯವರು. ಇದರಾಗ ನಮಗೇನು ತಿಳಿತೈತಿ? ಕೊಟ್ಟುಬಿಡೂಣು."

ರಿಪೇರಿಯಾದ ಮೋಟಾರ್ ಒಯ್ಯಲು ಬಂದಿದ್ದ ಗೆಳತಿ ದೀಪಿಕಾ ಅಲ್ಲೇ ಕೂತಿದ್ದಳು. ಗಂಗಾವತಿಯಲ್ಲಿ ಅವಳದು ಅಕ್ಕಿ ಗಿರಣಿಯ ಬಿಡಿಭಾಗಗಳ ಅಂಗಡಿ. ಅವಳಿಗೆ ತಡೆಯಲಾಗಲಿಲ್ಲ.

"ಕಾಕಾ, ನಾನೂ ಇಂಟರ್‌ನೆಟ್ ಫೋನ್ ಇಟ್ಟೀನಿ. ಪೆಟ್ಟಿಗಿ ಇಲ್ಲ, ವೈರಿಂಗ್ ಇಲ್ಲ. ನಮ್ಮ ಕೈಯಾಗಿನ ಮೊಬೈಲಿಗೇ ಒಂದು ಆ್ಯಪ್ ಹಾಕ್ಕೊಟ್ರು, ಅಷ್ಟ. ಎಷ್ಟು ಮಂದಿ ಮಾತಾಡ್ತೀವೋ ಅಷ್ಟು ಮಂದಿಗೆ ತಿಂಗಳ ಬಾಡಿಗಿ. ಹಳೇ ನಂಬರಿಗೆ ಬಂದ ಕರೆ ಹೊಸದಕ್ಕ ತಿರುಗಿಸೀನಿ, ಗಿರಾಕಿಗೆ ತ್ರಾಸಿಲ್ಲ. ಮೊದಲ ಹದಿನೈದು ದಿನ ಪುಕ್ಕಟೆ ನೋಡಾಕ ಕೊಟ್ಟಿದ್ರು."

"ಪುಕ್ಕಟೆ ಕೊಡೋದು ನೆಟ್ಟಗಿರತೈತೇನು?" ಕೊಟ್ರಬಸಪ್ಪ ಮೂಗು ಮುರಿದರು. ಮುಂಗಡ ತೆಗೆಯಲು ಕೈ ಆಗಲೇ ಕಿಸೆಯೊಳಗಿತ್ತು.

ಶಿವಲೀಲಾ ಎದ್ದು ನಿಂತಳು. "ಮಾವಾರ, ನಲವತ್ತು ವರ್ಷ ಸಂತ್ಯಾಗ ಎತ್ತು ಕೊಂಡೀರಿ. ಬಂಡಿ ಹೂಡಿ ನಾಕು ಹೆಜ್ಜಿ ನಡಿಸಿ ನೋಡದ ಒಮ್ಮ್ಯಾರ ಸಂಚಕಾರದ ರೊಕ್ಕ ಕೊಟ್ಟೀರೇನ್ರಿ?"

ಎತ್ತಿನ ವ್ಯಾಪಾರದಲ್ಲಿ ಕೊಟ್ರಬಸಪ್ಪನವರಿಗೆ ಟೋಪಿ ಹಾಕಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಮುಂಗಡವಿಲ್ಲದೆ ಕೈ ಕಿಸೆಯಿಂದ ಹೊರಬಂತು.

"ಸಾಹೇಬ್ರ, ನಿಮ್ಮ ಮಾಲು ಹೂಡಿ ತೋರಸ್ರಿ. ಹದಿನೈದು ದಿನ ನಡೀಲಿ. ಆಮ್ಯಾಲ ರೊಕ್ಕದ ಮಾತು."

"ಹಾಗೆ ಬರಲ್ಲ ಅಜ್ಜಾ. ರಿಯಾಯಿತಿ ಇವತ್ತಿಗೇ ಮುಗಿಯುತ್ತೆ."

"ಮುಗೀಲಿ. ನೀವು ಬಂದ ದಾರಿ ಹಿಡೀರಿ."

ಅವನು ಪುಸ್ತಕ ಮಡಚಿಕೊಂಡು ಹೋದ. ಯಾರಿಗೂ ಬೇಸರವಾಗಲಿಲ್ಲ. ಮಧ್ಯಾಹ್ನವೇ ದೀಪಿಕಾ ತನ್ನ ಕಂಪನಿಗೆ ಫೋನ್ ಮಾಡಿಕೊಟ್ಟಳು. ಮುಂದಿನ ಮಾತೆಲ್ಲ ಕೊಟ್ರಬಸಪ್ಪನವರದೇ. ಎತ್ತಿನ ಹಲ್ಲು ಎಣಿಸುವವರ ಹಾಗೆ ಒಂದೊಂದನ್ನೂ ಕೇಳಿದರು. ಸರ್ಕಾರದ ಪರವಾನಗಿ ಇದೆಯೇ? ಜೋಡಣೆಗೆ ಬೇರೆ ಹಣವೇ? ನಡುವೆ ಬಿಟ್ಟರೆ ದಂಡವೇ? ಉತ್ತರಗಳನ್ನು ಬರಹದಲ್ಲೇ ತರಿಸಿಕೊಂಡರು. ಹದಿನೈದು ದಿನದ ಪುಕ್ಕಟೆ ಪರೀಕ್ಷೆಗೆ ಮೂವರ ಮೊಬೈಲಿಗೂ ಆ್ಯಪ್ ಹಾಕಿಸಿ, ಹಳೇ ನಂಬರಿನ ಕರೆ ಹೊಸದಕ್ಕೆ ತಿರುಗಿಸಿದರು. ಖಲಂದರನನ್ನು ಯಲಬುರ್ಗಾ ಕಡೆಯ ಹೊಲಗಳಿಗೆ ಅಟ್ಟಿ, ಅಲ್ಲಿಂದ ಮಾತಾಡಿಸಿ ನೋಡಿದರು. ಒಂದು ಕಡೆ ನೆಟ್ ಸಿಗದೆ ದನಿ ತುಂಡು ತುಂಡಾಯಿತು. ಅಂಥಲ್ಲಿ ಕರೆ ಸಾದಾ ಮೊಬೈಲ್ ನಂಬರಿಗೇ ಹೋಗುವಂತೆ ಮಾಡಿಸಿದರು.

ಸೋಮವಾರ ಶರಣಬಸಪ್ಪ ತೋಟದಲ್ಲಿ ನಿಂತು, ಇನ್ನಿಬ್ಬರನ್ನೂ ಸೇರಿಸಿಕೊಂಡು, ಮೂರು ಮೊಬೈಲಿನಿಂದ ಒಟ್ಟಿಗೇ ಅಂಗಡಿಗೆ ಫೋನ್ ಹಚ್ಚಿದರು. ಒಂದನ್ನು ಶಿವಲೀಲಾ ಎತ್ತಿದಳು, ಒಂದನ್ನು ಖಲಂದರ, ಒಂದನ್ನು ಪಂಪಾಪತಿ. ಸಂಜೆ ಅವರು ಒಪ್ಪಂದದ ಕಾಗದ ಹಿಡಿದೇ ಬಂದರು.

"ಭಾಳ ಖರ್ಚಾಗಿರಬೇಕಲ್ಲವ್ವಾ?" ಎಂದು ಶಿವಲೀಲಾಳನ್ನು ಕೇಳಿದರು.

"ಖರ್ಚು ಮಾಡಸಾಕ ಒಬ್ಬ ಬಂದಿದ್ದ," ಎಂದರು ಕೊಟ್ರಬಸಪ್ಪ. "ನನ್ನ ಸೊಸಿ ಬಿಡಲಿಲ್ಲ."

ಅಂಗಡಿ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಅಂಗಡಿಗೂ ಚಿತ್ರದ ಪುಸ್ತಕ ಹಿಡಿದು ಒಬ್ಬ ಬರಬಹುದು. ಮಾತಾಡುವವರು ಎಷ್ಟು ಮಂದಿ ಎಂದು ಮೊದಲು ಎಣಿಸಿ, ಅಷ್ಟಕ್ಕೇ ಬಾಡಿಗೆ ಕೊಡಿ. ಕೈಯಲ್ಲಿರುವ ಮೊಬೈಲೇ ಸಾಕಾಗುತ್ತದೆಯೇ ಎಂದು ಕೇಳಿ. ಗಿರಾಕಿ ಹೆಚ್ಚಿರುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ತಿಳಿಯದ ವಿಷಯವೆಂದು ತಲೆ ತಗ್ಗಿಸಬೇಡಿ, ದುಡ್ಡು ನಿಮ್ಮದು. ನಡೆಸಿ ತೋರಿಸು ಎನ್ನಿ. ತೋರಿಸದವನನ್ನು ಅಂಗಡಿ ಮೆಟ್ಟಿಲು ಹತ್ತಿಸಬೇಡಿ.